ಅಸಲು ಕೆಲಸ ಮಾಡುತ್ತಿದ್ದ ಜಾಗ

ಯಶವಂತಪುರದ ನಮ್ಮ ಮನೆಯ ಹಜಾರದಲ್ಲಿ ಗೋಡೆಗೆ ಒತ್ತಿಕೊಂಡು ಒಂದು ಉದ್ದದ ಬೆಂಚಿತ್ತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಅದರ ಮೇಲೆ ಬಂದು ಕೂತವರಿಗೆಲ್ಲ ಉಪ್ಪಿಟ್ಟು, ಕಾಫಿ ಕೊಡುವುದು ನನ್ನ ಪಾಲಿನ ಕೆಲಸ. ಮಾವನವರು ಮಂಡಿ ವ್ಯಾಪಾರದಲ್ಲಿ ಗಳಿಸಿದ್ದರಲ್ಲಿ ಒಂದು ಭಾಗ ತೆಗೆದಿಟ್ಟು ಟ್ರಸ್ಟ್ ಮಾಡಿದ್ದರು. ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ದಾನ ನಡೆಯಬೇಕು ಎಂದು ಪತ್ರದಲ್ಲಿ ಬರೆಸಿದ್ದರು. ಅವರು ಹೋದ ಮೇಲೆ ಅದನ್ನು ನೋಡಿಕೊಳ್ಳುವುದು ನಮ್ಮ ಯಜಮಾನರ ಮೇಲೆ ಬಿತ್ತು. ಇನ್ನಿಬ್ಬರು ಟ್ರಸ್ಟಿಗಳಿದ್ದರು, ನಿಜ. ಅವರು ವರ್ಷಕ್ಕೊಮ್ಮೆ ಬಂದು, ತೋರಿಸಿದಲ್ಲಿ ಸಹಿ ಹಾಕಿ, ಹೋಳಿಗೆ ಊಟ ಮಾಡಿ ಹೋಗುವವರು. ಮಕ್ಕಳ ಸ್ಕೂಲ್ ಫೀಸು, ಮುದುಕರ ಕನ್ನಡಕ, ಹೆರಿಗೆ ಖರ್ಚು, ಆಸ್ಪತ್ರೆಯವರು ಹೊರಗಿನಿಂದ ತನ್ನಿ ಎಂದು ಬರೆದುಕೊಟ್ಟ ಔಷಧಿ. ಕೊಡುತ್ತಿದ್ದದ್ದು ಇಂಥವಕ್ಕೇ.

ಪತ್ರದಲ್ಲಿ ಬರೆಯದ ಒಂದು ಕಟ್ಟಳೆಯನ್ನೂ ಮಾವ ಬಿಟ್ಟುಹೋಗಿದ್ದರು. ಕೇಳಿಕೊಂಡು ಬಂದವರನ್ನು ಏನೂ ಕೇಳಬಾರದು. ಯಾವ ಊರು, ಯಾರ ಕಡೆಯವರು, ಹೇಗಾಯಿತು, ಯಾಕಾಯಿತು ಎಂದೆಲ್ಲ ಕೆದಕಿದರೆ ಕೊಟ್ಟದ್ದು ಕೊಟ್ಟಂತಾಗುವುದಿಲ್ಲ ಎನ್ನುತ್ತಿದ್ದರು. "ತಿಂಡಿ ಆಯ್ತಾ ಅಂತ ಕೇಳಿ. ಅದಕ್ಕಿಂತ ಜಾಸ್ತಿ ನಮಗೆ ಬೇಡ." ನಾನು ಈ ಮನೆಗೆ ಬಂದ ಹೊಸದರಲ್ಲಿ ಆ ಮಾತು ಕೇಳಿ ಎಷ್ಟು ದೊಡ್ಡ ಮನಸ್ಸು ಅಂದುಕೊಂಡಿದ್ದೆ. ಇವತ್ತಿಗೂ ಅದು ದೊಡ್ಡ ಮನಸ್ಸಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಂತೆ ಬೆಂಚಿನ ಮೇಲೆ ಕೂರುವವರು ಬದಲಾದರು. ತುಮಕೂರು ರಸ್ತೆಯುದ್ದಕ್ಕೂ ಪೀಣ್ಯದಲ್ಲಿ ಒಂದರ ಪಕ್ಕ ಒಂದು ಶೆಡ್ಡು ಏಳುತ್ತಿದ್ದ ಕಾಲ. ನಾನು ಕಾಫಿ ಕೊಡುವಾಗ ನೋಡುತ್ತಿದ್ದದ್ದು ಕೈಗಳನ್ನು. ಬಿಸಿ ಲೋಟವನ್ನು ಅಂಚಿನಲ್ಲಿ ಹಿಡಿಯಲು ಹೆಬ್ಬೆರಳು, ಅದರ ಪಕ್ಕದ ಬೆರಳು ಎರಡೂ ಬೇಕು. ಕೆಲವರಿಗೆ ಹೆಬ್ಬೆರಳಿನ ಪಕ್ಕ ಏನೂ ಇರುತ್ತಿರಲಿಲ್ಲ. ಅವರು ಲೋಟವನ್ನು ಎರಡು ಅಂಗೈಯ ನಡುವೆ ಒತ್ತಿ ಹಿಡಿದು, ಸುಟ್ಟುಕೊಂಡು, ಸುಟ್ಟಿತೆಂದು ಹೇಳಲಾರದೆ ಕುಡಿಯುತ್ತಿದ್ದರು. ಎರಡು ಮೂರು ಸಲ ನೋಡಿದ ಮೇಲೆ ನಾನು ಮಲ್ಲೇಶ್ವರಕ್ಕೆ ಹೋಗಿ ಹಿಡಿ ಇರುವ ಪಿಂಗಾಣಿ ಕಪ್ಪುಗಳನ್ನು ತಂದೆ. ಉಪ್ಪಿಟ್ಟಿನ ತಟ್ಟೆಗೆ ಚಮಚ ಇಟ್ಟೆ. ತಂದ ದಿನ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು. ಇಷ್ಟು ಜನರ ಬೆರಳು ಎಲ್ಲಿ ಹೋಗುತ್ತಿದೆ ಎಂಬ ಪ್ರಶ್ನೆ ಬರಲಿಲ್ಲ ಎಂದೇನಿಲ್ಲ, ಬಂತು. ಅದನ್ನು ಕೇಳಬಾರದು ಎಂಬ ಕಟ್ಟಳೆ ಅದಕ್ಕಿಂತ ಮೊದಲೇ ಬಂದು ಕೂತಿತ್ತು. ಕೇಳದಿರುವುದು ಸುಲಭವೂ ಆಗಿತ್ತು.

ಅಸಲಿನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಮಾವನ ಕಾಲದಲ್ಲಿ ಅದೆಲ್ಲ ಬ್ಯಾಂಕಿನಲ್ಲಿತ್ತು. ಕೇಳುವವರು ಹೆಚ್ಚಾದರು, ಬಡ್ಡಿ ಸಾಲದಾಯಿತು. ಆಗ ಯಜಮಾನರ ಸೋದರತ್ತೆಯ ಮಗ, ನನಗೆ ಮೈದುನನಾಗಬೇಕು, ಪೀಣ್ಯದಲ್ಲಿ ಶೆಡ್ಡು ಹಾಕಿದ್ದ. ತಗಡನ್ನು ಒತ್ತಿ ಸೈಕಲ್ ಬೆಲ್ಲಿನ ಮುಚ್ಚಳ ಮಾಡುವ ಕೆಲಸ. ಹೊಸ ಮೆಷಿನ್ ಹಾಕಲು ಅವನಿಗೆ ದುಡ್ಡು ಬೇಕಿತ್ತು. ಬ್ಯಾಂಕಿಗಿಂತ ಹೆಚ್ಚು ಬಡ್ಡಿ ಕೊಡುತ್ತೇನೆ ಎಂದ. ಯಜಮಾನರು ಅಸಲಿನಲ್ಲಿ ದೊಡ್ಡ ಭಾಗವನ್ನೇ ಅಲ್ಲಿಟ್ಟರು. ಮನೆಯವನು, ಓಡಿಹೋಗುವವನಲ್ಲ, ಬಡ್ಡಿಯೂ ಜಾಸ್ತಿ, ದಾನವೂ ಜಾಸ್ತಿ. ಸಹಿ ಹಾಕಲು ಬಂದ ಟ್ರಸ್ಟಿಗಳು ಅವತ್ತು ಹೋಳಿಗೆಗೆ ಇನ್ನೊಂದು ಮಿಳ್ಳೆ ತುಪ್ಪ ಹಾಕಿಸಿಕೊಂಡು ಹೊಗಳಿ ಹೋದರು. ನಾವು ದಾನದ ಬಗ್ಗೆ ಅಷ್ಟೆಲ್ಲ ಯೋಚಿಸುತ್ತಿದ್ದವರು, ಅಸಲಿನ ಬಗ್ಗೆ ಯೋಚಿಸಿದ್ದು ಅದು ಪತ್ರದಲ್ಲಿ ಹೇಳಿದಂತೆ ಕರಗದೆ ಇದೆಯೇ ಎಂದಷ್ಟೇ. ಅದು ಎಲ್ಲೋ ಸುಮ್ಮನೆ ಮಲಗಿದೆ, ಬಡ್ಡಿ ಮಾತ್ರ ಎದ್ದು ಬಂದು ನಮ್ಮ ಕೈ ಸೇರುತ್ತದೆ ಎಂಬಂತೆ ಇದ್ದೆವು.

ಆ ಹೆಂಗಸು ಬಂದದ್ದು ಅವರೆಕಾಯಿ ಕಾಲದಲ್ಲಿ. ಮೂವತ್ತರ ಆಸುಪಾಸಿನವಳು, ಪೀಣ್ಯದ ಆಚೆಯ ಹಳ್ಳಿಯವಳು. ಬಲಗೈಗೆ ಮಣಿಕಟ್ಟಿನವರೆಗೆ ಬಟ್ಟೆ ಸುತ್ತಿತ್ತು. ಬೆಂಚಿನ ತುದಿಯಲ್ಲಿ, ಅರ್ಧ ಮಾತ್ರ ಕೂತಂತೆ ಕೂತಿದ್ದಳು. ನಾನು ಹಿಡಿ ಇರುವ ಕಪ್ಪಿನಲ್ಲಿ ಕಾಫಿ ಕೊಟ್ಟೆ. ಎಡಗೈಯಲ್ಲಿ ತೆಗೆದುಕೊಂಡು, ಎಡಗೈ ಚಾಚಿದ್ದಕ್ಕೆ ಸಂಕೋಚಪಟ್ಟು, "ತಪ್ಪು ತಿಳ್ಕೋಬೇಡಿ ಅಕ್ಕ" ಅಂದಳು.

ಅದೇ ಹೊತ್ತಿಗೆ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಮೈದುನ ಬಡ್ಡಿಯ ಲಕೋಟೆ ತರುವ ದಿನ. ಅವನು ಹೊಸಿಲು ದಾಟಿದ್ದೇ ಆಕೆ ಎದ್ದು ನಿಂತಳು. ಕಪ್ಪು ವಾಲಿ ಕಾಫಿ ಅರ್ಧ ಅವಳ ಕಾಲ ಮೇಲೆ, ಅರ್ಧ ನೆಲದ ಮೇಲೆ. ಸುತ್ತಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು, ಕದ್ದದ್ದನ್ನು ಬಚ್ಚಿಟ್ಟುಕೊಳ್ಳುವ ಹಾಗೆ.

"ಕೂತ್ಕೊಳಮ್ಮ, ಕೂತ್ಕೊ. ಮನೆ ಸಿಕ್ತಲ್ಲ?" ಅಂದ ಮೈದುನ. ಆಮೇಲೆ ಯಜಮಾನರ ಕಡೆ ತಿರುಗಿ, "ನಮ್ ಶೆಡ್ ಲೇಬರ್ ಅಣ್ಣ. ನಾನೇ ಕಳ್ಸಿದ್ದು. ಕೈಗೆ ಸ್ವಲ್ಪ ಏಟಾಗಿದೆ."

"ನೀನು ಕಳಿಸಿದ್ದಾ?"

"ಮೊದ್ಲಿಂದ ಕಳಿಸ್ತಾನೇ ಇದೀನಲ್ಲ. ನಿಮಗೆ ಗೊತ್ತಿಲ್ವಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಪಕ್ಕದ ಶೆಡ್‌ನೋರೂ ಕಳಿಸ್ತಾರೆ. ಆ ಮನೇಲಿ ಏನೂ ಕೇಳಲ್ಲ, ತಿಂಡಿ ಬೇರೆ ಕೊಡ್ತಾರೆ ಅಂತ ಇಡೀ ಪೀಣ್ಯಕ್ಕೇ ಗೊತ್ತು. ಮಾವನ ಹೆಸರು ಉಳಿಸಿದೀರ ಬಿಡಿ."

ಅವನು ಹೊಗಳಿಯೇ ಹೇಳಿದ್ದು. ಲಕೋಟೆಯನ್ನು ಮೇಜಿನ ಮೇಲಿಟ್ಟ. ಯಜಮಾನರು ಅದನ್ನು ಮೇಜಿನ ಖಾನೆಗೆ ಹಾಕಿದರು. ಸ್ವಲ್ಪ ಹೊತ್ತಾದ ಮೇಲೆ ಅದೇ ಖಾನೆ ಎಳೆದು ಆಕೆಗೆ ಕೊಡಬೇಕಾದ್ದನ್ನು ಕೊಟ್ಟರು. ಆ ಖಾನೆ ತೆರೆಯುವುದು, ಮುಚ್ಚುವುದು ನಾನು ವರ್ಷಗಟ್ಟಲೆ ನೋಡಿದ್ದೆ. ಅವತ್ತು ನೆಲ ಒರೆಸುತ್ತಾ ಬಗ್ಗಿದ್ದವಳಿಗೆ ತಲೆ ಎತ್ತಲಾಗಲಿಲ್ಲ. ಬೆರಳು ಹೋಗುವುದೂ ನಮ್ಮ ದುಡ್ಡಿನಿಂದ ಕೊಂಡ ಮೆಷಿನ್ನಿನಲ್ಲಿ, ಬೆರಳಿಗೆ ಬಟ್ಟೆ ಸುತ್ತುವುದೂ ಆ ಮೆಷಿನ್ ದುಡಿದು ಕೊಟ್ಟ ಬಡ್ಡಿಯಲ್ಲಿ. ನಡುವೆ ಕೂತು ನಾವು ಪುಣ್ಯ ಕಟ್ಟಿಕೊಳ್ಳುತ್ತಿದ್ದೆವು. ಮೈದುನ ಆಸ್ಪತ್ರೆಗೆ, ಗಾಯಕ್ಕೆ, ಕೆಲಸವಿಲ್ಲದ ದಿನಗಳ ಕೂಲಿಗೆ ತಾನು ಕೊಡಬೇಕಾದ್ದನ್ನು ನಮ್ಮ ಬೆಂಚಿಗೆ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದ. ಅದಕ್ಕೆ ದಾರಿ ಮಾಡಿಕೊಟ್ಟದ್ದು ನಮ್ಮ ದೊಡ್ಡ ಮನಸ್ಸು.

ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನರು ಸಾರನ್ನದಲ್ಲಿ ಬೆರಳಾಡಿಸುತ್ತಾ, "ತೆಗೆದುಬಿಡ್ತೀನಿ ಕಣೇ. ಪೂರ್ತಿ ವಾಪಸ್ ತಗೊಂಡು ಬ್ಯಾಂಕಿಗೆ ಹಾಕ್ತೀನಿ. ಬಡ್ಡಿ ಕಮ್ಮಿ ಆದ್ರೆ ಆಗ್ಲಿ" ಅಂದರು. ನನಗೂ ಅದೇ ಸರಿ ಅನ್ನಿಸಿತು. ದುಡ್ಡು ಅಲ್ಲಿಂದ ಬಂದುಬಿಟ್ಟರೆ ಪಾಪವೂ ಅಲ್ಲೇ ಉಳಿಯುತ್ತದೆ ಅಂದುಕೊಂಡೆ.

ಮುಂದಿನ ಶುಕ್ರವಾರ ಆಕೆ ಮತ್ತೆ ಬಂದಳು. ಗಾಯದ ಬಟ್ಟೆ ಬದಲಾಯಿಸಿಕೊಂಡು ಆಸ್ಪತ್ರೆಯಿಂದ ನೇರ ಬಂದಿದ್ದಳು. ನಾನು ಹಿತ್ತಲ ಕಟ್ಟೆಯ ಮೇಲೆ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಬೆಂಚಿನಲ್ಲಿ ಜಾಗವಿರಲಿಲ್ಲವಾದ್ದರಿಂದ ಅಲ್ಲಿಗೇ ಕರೆದೆ. ಬಂದವಳು ಸುಮ್ಮನೆ ಕೂರದೆ, ಹೆಂಗಸರಿಗೆ ಇರುವ ಅಭ್ಯಾಸ, ನೆನೆದ ಕಾಳು ಕೈಗೆತ್ತಿಕೊಂಡಳು. ಹಿತುಕುವುದಕ್ಕೆ ಎರಡು ಬೆರಳ ತುದಿ ಬೇಕು. ಎಡಗೈಗೆ ಆ ಅಭ್ಯಾಸವಿಲ್ಲ. ಕಾಳು ಜಾರಿ ಜಾರಿ ಕಟ್ಟೆಯಿಂದ ಉರುಳಿತು. "ಬಿಡಮ್ಮ" ಅಂದೆ. "ಕಲೀಬೇಕಲ್ಲ ಅಕ್ಕ" ಅಂದು ಇನ್ನೊಂದು ತೆಗೆದುಕೊಂಡಳು.

ಮಾವನ ಕಟ್ಟಳೆ ಮುರಿದು ನಾನು ಕೇಳಿದೆ. ಹೇಗಾಯಿತು ಎಂದೆ.

"ಎಂಗಾಯ್ತು ಅಂದ್ರೆ ಏನೇಳ್ಲಿ. ಕಾಲಲ್ಲಿ ಪೆಡಲ್ ಒತ್ತೋದು, ಕೈಲಿ ತಗಡು ಇಡೋದು. ಕಾಲೂ ಓಡ್ತಿರ್ತದೆ, ಕೈಯೂ ಓಡ್ತಿರ್ತದೆ. ಒಂದ್ಸಲ ಕಾಲು ಮುಂದೆ ಓಯ್ತು, ಕೈ ಇಂದೆ ಉಳೀತು. ಅಷ್ಟೇಯ." ಒಂದು ಕಾಳು ಹಿತುಕಿ ಬಂತು. ಅದನ್ನು ಬಟ್ಟಲಿಗೆ ಹಾಕಿದಳು. "ಎರಡು ಬೆಳ್ಳು. ನನ್ ಪಕ್ಕದ ಮೆಷಿನ್ನಾಕೆಗೆ ಮೂರು."

ನಾನು ಸಮಾಧಾನ ಹೇಳುವವಳಂತೆ, ಅಲ್ಲಿಟ್ಟಿರುವ ನಮ್ಮ ದುಡ್ಡನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇವೆ ಎಂದೆ. ಆಕೆಯ ಕೈ ನಿಂತಿತು.

"ನಿಮ್ದೂ ದುಡ್ಡೈತಾ ಅಲ್ಲಿ?"

ಹೌದು ಎಂದೆ. ಆ ಒಂದು ಮಾತು ಹೇಳುವಾಗ ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

"ತೆಗೀಬೇಡಿ ಅಕ್ಕ. ತೆಗುದ್ರೆ ನಮ್ ಸಾವ್ಕಾರ್ರು ಎರಡು ಮೆಷಿನ್ ಮಾರ್ತಾರೆ. ಮೊದ್ಲು ಮನೇಗೋಗೋದು ಯಾರು? ಕೈ ಇಲ್ದೋಳು. ನನ್ ಗಂಡಂಗೆ ಉಬ್ಬಸ, ಮೂಟೆ ಎತ್ತಂಗಿಲ್ಲ. ಮಗಳು ಇಸ್ಕೂಲ್ಗೋಯ್ತವ್ಳೆ. ನಿಮ್ ದುಡ್ಡು ನಂಗೆ ಎಷ್ಟು ದಿನ ಬತ್ತದೆ? ಕೆಲ್ಸ ಕೊಡ್ಸಿ. ಅದೇ ಶೆಡ್‌ನಾಗೆ ಕೊಡ್ಸಿ, ಬೇರೆ ಕಡೆ ಈ ಕೈ ನೋಡಿ ಯಾರ್ ಕರೀತಾರೆ?" ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿಕೊಂಡಳು. "ಇದೊಂದು ಉಳ್ಕಂಡ್ರೆ ಸಾಕು."

ಇದನ್ನೆಲ್ಲ ಯಜಮಾನರಿಗೆ ಹೇಳಿದೆ. ನಾವು ಬೆನ್ನು ತಿರುಗಿಸಿ ಬಂದರೆ ನಮ್ಮ ಕೈ ಶುದ್ಧವಾಗುತ್ತದೆ, ಅವಳ ಕೈ ಹಾಗೇ ಇರುತ್ತದೆ. ಇದನ್ನು ನಾನು ಇಷ್ಟು ನೆಟ್ಟಗೆ ಹೇಳಿರಲಾರೆ. ಒಗೆದ ಬಟ್ಟೆ ಹಿಂಡುತ್ತಾ ಹಿಂದುಮುಂದಾಗಿ ಏನೋ ಹೇಳಿದೆ. ಅವರು ಬಕೆಟ್ಟಿನ ಪಕ್ಕ ನಿಂತೇ ಬೆರಳು ಮಡಚಿ ಲೆಕ್ಕ ಹಾಕಿದರು. ಲೆಕ್ಕದ ಮನುಷ್ಯ. ಕೊನೆಗೆ, "ದುಡ್ಡು ಅಲ್ಲೇ ಇರಲಿ. ಆದ್ರೆ ಇರೋ ರೀತಿ ಬದಲಾಗಬೇಕು" ಅಂದರು.

ಮೈದುನನನ್ನು ಭಾನುವಾರ ಊಟಕ್ಕೆ ಕರೆದೆವು. ಹಿತುಕಿದ ಬೇಳೆ ಸಾರು ಅವನಿಗೆ ಇಷ್ಟ. ಎಲೆಯ ಮುಂದೆ ಯಜಮಾನರು ಮಾತು ತೆಗೆದರು. ಬಡ್ಡಿಯನ್ನು ಬ್ಯಾಂಕಿನವರು ಕೊಡುವುದಕ್ಕಿಂತಲೂ ಕಡಿಮೆ ಮಾಡುತ್ತೇವೆ. ಹಾಗೆ ನಾವು ಬಿಟ್ಟ ದುಡ್ಡಿನಲ್ಲಿ ಮೆಷಿನ್ನುಗಳ ಪೆಡಲ್ ತೆಗೆಸಿ ಎರಡು ಹಿಡಿ ಹಾಕಿಸಬೇಕು. ಎರಡೂ ಕೈಯಿಂದ ಎರಡೂ ಹಿಡಿ ಒತ್ತಿದರೆ ಮಾತ್ರ ಮೆಷಿನ್ನಿನ ಅಚ್ಚು ಕೆಳಗೆ ಬೀಳಬೇಕು, ಆಗ ಕೈ ಒಳಗಿರುವುದಿಲ್ಲ. ಗಾಯವಾದರೆ ಖರ್ಚು ಶೆಡ್ಡಿನದು, ಟ್ರಸ್ಟಿನದಲ್ಲ. ಆ ಹೆಂಗಸನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಬೇಕು.

ಮೈದುನ ಅನ್ನ ಕಲಸುವುದನ್ನು ನಿಲ್ಲಿಸಿದ. "ಬಡ್ಡಿ ಜಾಸ್ತಿ ಕೇಳೋಕೆ ಷರತ್ತು ಹಾಕೋರನ್ನ ನೋಡಿದೀನಿ ಅಣ್ಣ. ಕಮ್ಮಿ ತಗೊಳ್ಳೋಕೆ ಷರತ್ತು ಹಾಕ್ತಿರೋದು ನೀವೇ ಮೊದಲು."

"ತಮಾಷೆ ಬೇಡ ಕಣೋ."

"ತಮಾಷೆ ಅಲ್ಲ. ನೀವು ಧರ್ಮ ಮಾಡ್ತೀರ, ಮಾಡಿ, ಯಾರು ಬೇಡ ಅಂದ್ರು? ವ್ಯಾಪಾರ ನನಗೆ ಬಿಡಿ. ಎರಡು ಕೈ ಒತ್ತೋ ಹೊತ್ತಿಗೆ ಪಕ್ಕದ ಶೆಡ್‌ನೋನು ನಾಲ್ಕು ಮುಚ್ಚಳ ಒತ್ತಿರ್ತಾನೆ. ಅತ್ತಿಗೆ, ನೀವಾದ್ರೂ ಹೇಳಿ."

ನಾನು ಅವನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿ, "ಹೇಳಿದ್ದು ನಾನೇ ಕಣಪ್ಪ" ಅಂದೆ. ಅವನು ಸಾರು ನೋಡಿದ, ನನ್ನನ್ನು ನೋಡಿದ. "ಊಟಕ್ಕೆ ಕರೆದಾಗಲೇ ಅಂದ್ಕೊಂಡೆ" ಅಂದ. ಆದರೆ ಕಡಿಮೆ ಬಡ್ಡಿ ಎಂಬುದು ಅವನ ತಲೆಯೊಳಗೆ ಕೆಲಸ ಮಾಡುತ್ತಿತ್ತು. ಮಜ್ಜಿಗೆ ಅನ್ನಕ್ಕೆ ಬರುವ ಹೊತ್ತಿಗೆ ಒಪ್ಪಿಕೊಂಡ.

ಒಪ್ಪಿಕೊಂಡದ್ದರ ಬೆಲೆ ಗೊತ್ತಾದದ್ದು ಜೂನ್ ತಿಂಗಳಲ್ಲಿ, ಶಾಲೆ ತೆರೆದಾಗ. ಖಾನೆಯಲ್ಲಿ ಹೋದ ವರ್ಷದಷ್ಟು ಇರಲಿಲ್ಲ. ಫೀಸಿಗೆ ಬಂದವರಲ್ಲಿ ಕೆಲವರಿಗೆ ಇಲ್ಲ ಅನ್ನಬೇಕಾಯಿತು. ಯಜಮಾನರಿಗೆ ಅದು ಬಾಯಲ್ಲಿ ಬರುವುದಿಲ್ಲ. ಅವರು ಒಳಗೆ ಹೋಗಿ ಕನ್ನಡಕ ಹುಡುಕುವ ನೆವ ಮಾಡುತ್ತಿದ್ದರು, ನಾನು ಹೇಳುತ್ತಿದ್ದೆ. ಒಬ್ಬ ತಾಯಿ ಪ್ರತಿ ವರ್ಷ ಬರುತ್ತಿದ್ದಳು. ಮಗಳು ಏಳನೇ ತರಗತಿ ಮುಗಿಸಿದ್ದಳು. "ಈ ಸಲ ಆಗಲ್ಲಮ್ಮ" ಅಂದೆ. ಯಾಕೆ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟು, ಮಗಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದಳು. ತಟ್ಟೆಯಲ್ಲಿ ಅರ್ಧ ಹಾಗೇ ಇತ್ತು. ಯಾರದೋ ಬೆರಳು ಉಳಿಸಲು ಹೋಗಿ ಆ ಹುಡುಗಿಯ ಓದನ್ನು ಬೆಲೆಯಾಗಿ ಕೊಟ್ಟೆವಾ? ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಹಕ್ಕು ನಮಗೆ ಯಾರು ಕೊಟ್ಟರು? ಆದರೆ ತೂಗದೆ ಇದ್ದ ದಿನಗಳಲ್ಲೂ ತಕ್ಕಡಿ ಆಡುತ್ತಲೇ ಇತ್ತು, ನಾವು ನೋಡುತ್ತಿರಲಿಲ್ಲ ಅಷ್ಟೆ. ಅವತ್ತು ಪಾತ್ರೆಯಲ್ಲಿ ಮಿಕ್ಕ ಉಪ್ಪಿಟ್ಟನ್ನು ನಮ್ಮ ಮಕ್ಕಳಿಗೆ ಹಾಕಲು ಮನಸ್ಸಾಗಲಿಲ್ಲ. ಹಸುವಿಗೆ ಹಾಕಿದೆ.

ಇಷ್ಟಾದ ಮೇಲೂ ನನಗೆ ಒಂದು ಸಮಾಧಾನವಿತ್ತು. ಆ ಹೆಂಗಸು ಕೆಲಸಕ್ಕೆ ಹೋಗುತ್ತಿದ್ದಾಳೆ, ಅವಳ ಉಳಿದ ಕೈಗೆ ಭಯವಿಲ್ಲ. ಅದನ್ನು ಕಣ್ಣಾರೆ ನೋಡಿ ಬರಬೇಕೆಂಬ ಆಸೆ ಹುಟ್ಟಿತು. ಆಸೆ ಎಂದರೆ ಆಸೆಯೇ. ಆ ತಾಯಿ ಇಳಿದುಹೋದ ಮೆಟ್ಟಿಲು ಕಣ್ಣೆದುರಿಗೆ ಬಂದಾಗಲೆಲ್ಲ ಅದಕ್ಕೆ ಅಡ್ಡ ಇಡಲು ನನಗೊಂದು ಒಳ್ಳೆಯ ನೋಟ ಬೇಕಿತ್ತು. ಒಂದು ದಿನ ಅಡುಗೆ ಮುಗಿಸಿ, ಯಶವಂತಪುರ ಸರ್ಕಲ್ಲಿನಲ್ಲಿ ಬಸ್ಸು ಹತ್ತಿ ಪೀಣ್ಯದಲ್ಲಿ ಇಳಿದೆ. ಲಾರಿಗಳ ಧೂಳಿನಲ್ಲಿ ಸೆರಗು ಮೂಗಿಗೆ ಹಿಡಿದು ನಡೆದೆ. ನಮ್ಮ ದುಡ್ಡು ಇಷ್ಟು ವರ್ಷ ಇದ್ದ ಜಾಗಕ್ಕೆ ನಾನು ಹೋದದ್ದು ಅದೇ ಮೊದಲು.

ಒಳಗೆ ಹೊಕ್ಕಾಗ ಮೊದಲು ಕೇಳಿದ್ದು ಮುಚ್ಚಳಗಳು ಬುಟ್ಟಿಗೆ ಬೀಳುವ ಸದ್ದು. ಸೈಕಲ್ ಬೆಲ್ಲಲ್ಲವೇ, ಬಿದ್ದಾಗಲೂ ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಅದರ ಮೇಲೆ ಮೆಷಿನ್ನಿನ ಏಟು. ಕಲ್ನಾರಿನ ಶೀಟಿನ ಕೆಳಗೆ ಬಿಸಿ, ಎಣ್ಣೆಯ ವಾಸನೆ. ಹೆಂಗಸರು ಸಾಲಾಗಿ ಸ್ಟೂಲಿನ ಮೇಲೆ ಕೂತಿದ್ದರು. ಪೆಡಲುಗಳು ಹೋಗಿದ್ದವು. ಪ್ರತಿ ಮೆಷಿನ್ನಿಗೂ ಎರಡು ಕಬ್ಬಿಣದ ಹಿಡಿ ಬಂದಿದ್ದವು. ನೋಡಿ ಎದೆ ತುಂಬಿತು. ಆಮೇಲೆ ಹತ್ತಿರ ಹೋದೆ.

ಆಕೆಯ ಮೆಷಿನ್ನಿನಲ್ಲಿ ಒಂದು ಹಿಡಿಗೆ ಹಳೆ ಸೀರೆಯ ತುಂಡು ಬಿಗಿದು, ಅದು ಸದಾ ಒತ್ತಿಕೊಂಡೇ ಇರುವಂತೆ ಕೆಳಗಿನ ಕಂಬಿಗೆ ಕಟ್ಟಿತ್ತು. ಅರೆಬರೆ ಬಲಗೈಯಿಂದ ಇನ್ನೊಂದು ಹಿಡಿ ತಳ್ಳುತ್ತಿದ್ದಳು. ಎಡಗೈ ತಗಡು ಇಟ್ಟು, ಮುಚ್ಚಳ ತೆಗೆದು, ತಗಡು ಇಟ್ಟು, ಮುಚ್ಚಳ ತೆಗೆದು, ಆ ಬಾಯಿಯೊಳಗೆ ಹೋಗಿ ಬರುತ್ತಿತ್ತು. ಪಕ್ಕದ ಮೆಷಿನ್ನಿನಲ್ಲೂ ಬಟ್ಟೆ. ಅದರ ಪಕ್ಕದಲ್ಲೂ.

ನನ್ನನ್ನು ಕಂಡು ನಿಲ್ಲಿಸಿದಳು. ನಾನು ಬಟ್ಟೆಯನ್ನೇ ನೋಡುತ್ತಿದ್ದೆ.

"ಯಾರು ಕಟ್ಟಿದ್ದು?"

"ನಾನೇಯ."

"ಯಾಕಮ್ಮಾ? ನೀನೇ ಹೇಳಿದ್ಯಲ್ಲ, ಇದೊಂದು ಉಳಿದರೆ ಸಾಕು ಅಂತ."

ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ನಮ್ಗೆ ಮುಚ್ಚಳದ ಲೆಕ್ಕದಾಗೆ ಕೂಲಿ ಅಕ್ಕ. ಎರಡೂ ಇಡಿ ಒತ್ಕಂಡು ಕೂತ್ರೆ ಬುಟ್ಟಿ ತುಂಬಲ್ಲ. ಮೊದಲ್ನೇ ವಾರ ನೀವೇಳ್ದಂಗೇ ಒತ್ತಿದೆ. ಶನಿವಾರ ಕೈಗೆ ಬಂದಿದ್ದು ನೋಡಿ ನನ್ ಗಂಡ ಕೇಳ್ದ, ಅರ್ಧ ದಿನ ಮಲ್ಗಿದ್ಯಾ ಅಂತ."

ಪಕ್ಕದ ಮೆಷಿನ್ನಿನಾಕೆ, ಮೂರು ಬೆರಳು ಹೋದವಳು, ಕೆಲಸ ನಿಲ್ಲಿಸದೆಯೇ ನಕ್ಕಳು. "ಅಕ್ಕೋರು ಬಡ್ಡಿ ಬಿಟ್ರಂತೆ, ಸಾವ್ಕಾರ್ರು ಪೆಡಲ್ ಬಿಟ್ರು, ನಾವು ಕೂಲಿ ಬಿಟ್ವಿ. ಎಲ್ರೂ ಒಂದೊಂದು ಬಿಟ್ಟಂಗಾಯ್ತು ನೋಡು."

ಮನೆಗೆ ಹೇಗೆ ಬಂದೆನೋ. ಕೊಡುವಾಗ ನಮಗೊಂದು ಸುಖವಿತ್ತು. ಕೊಡುತ್ತೇವೆ, ತೆಗೆದುಕೊಂಡವರು ಕೈ ಮುಗಿಯುತ್ತಾರೆ, ಕತೆ ಅಲ್ಲಿಗೆ ಮುಗಿಯುತ್ತದೆ. ದುಡ್ಡು ಹೂಡುವುದು ಹಾಗಲ್ಲ. ಒಂದು ಕಡೆ ಸರಿ ಮಾಡಿದರೆ ಅದರ ಭಾರ ಸದ್ದಿಲ್ಲದೆ ಇನ್ನೊಂದು ಕಡೆಗೆ ಜಾರುತ್ತದೆ, ಮತ್ತು ಜಾರುವುದು ಯಾವಾಗಲೂ ತೀರ ಕೆಳಗಿದ್ದವರ ಮೇಲೆ. ಟ್ರಸ್ಟ್ ಹೊತ್ತಿತು ಎಂದು ನಾವು ಅಂದುಕೊಂಡ ಖರ್ಚನ್ನು ಆ ಹೆಂಗಸರು ತಮ್ಮ ಸಂಬಳದಿಂದ ತುಂಬಿದ್ದರು. ಸಾಲದು ಎಂದು ಎಡಗೈಯನ್ನೂ ಒಡ್ಡಿದ್ದರು.

ಯಜಮಾನರಿಗೆ ಹೇಳಿದಾಗ ಅವರು ಗೋಡೆಗೊರಗಿ ಕೂತುಬಿಟ್ಟರು. "ದಿನಗೂಲಿ ಮಾಡ್ಬೇಕು" ಅಂದೆ. "ಮುಚ್ಚಳ ಎಷ್ಟೇ ಆಗಲಿ, ದಿನಕ್ಕಿಷ್ಟು ಅಂತ."

"ಅವನು ಒಪ್ಪಲ್ಲ. ಒಪ್ಪಬೇಕು ಅಂದ್ರೆ ಉಳಿದ ಬಡ್ಡೀನೂ ಬಿಡಬೇಕಾಗತ್ತೆ. ಆಮೇಲೆ ಕೊಡೋಕೆ ಏನಿರತ್ತೆ? ಬ್ಯಾಂಕಿನ ಚೂರು ಬಡ್ಡಿ ಅಷ್ಟೇ. ಅಪ್ಪ ಮಾಡಿದ್ದು ದಾನಕ್ಕೆ ಕಣೇ, ಬೆಲ್ ಮುಚ್ಚಳಕ್ಕಲ್ಲ."

"ಅವರ ದಾನ ನಡೀತಿದ್ದದ್ದೇ ಆ ಮುಚ್ಚಳದಿಂದ ಅಲ್ವೇನ್ರೀ?"

ಅವರು ಎದ್ದು ಹೋಗಿ ಟ್ರಸ್ಟಿನ ಲೆಕ್ಕದ ಪುಸ್ತಕ ತೆಗೆದರು. ಆಡಬಾರದಿತ್ತು ಅನ್ನಿಸಿತು. ತಂದೆಯ ಮೇಲೆ ಪ್ರಾಣ ಇಟ್ಟುಕೊಂಡಿದ್ದ ಮನುಷ್ಯ ಅವರು.

ಈ ಸಲ ಮೈದುನನನ್ನು ಊಟಕ್ಕೆ ಕರೆಯಲಿಲ್ಲ. ಯಜಮಾನರು ಇನ್ನಿಬ್ಬರು ಟ್ರಸ್ಟಿಗಳನ್ನು ಕರೆದುಕೊಂಡು ಶೆಡ್ಡಿಗೇ ಹೋದರು, ನನ್ನನ್ನೂ ಕರೆದರು. ಸಹಿ ಮಾತ್ರ ಹಾಕುತ್ತಿದ್ದ ಆ ಹಿರಿಯರು ಮೂಗಿಗೆ ಕರವಸ್ತ್ರ ಹಿಡಿದು ಕಟ್ಟಿದ ಬಟ್ಟೆಗಳನ್ನು ಒಂದೊಂದಾಗಿ ನೋಡಿದರು. ಒಬ್ಬರು ಒಂದು ಗಂಟನ್ನು ಮುಟ್ಟಿ ಕೈ ಹಿಂತೆಗೆದುಕೊಂಡರು. ಮೈದುನನ ಗಾಜಿನ ಕೋಣೆಯಲ್ಲಿ ಮಾತಾಯಿತು. ಬಡ್ಡಿ ಎಂಬುದೇ ಬೇಡ, ಲಾಭ ಬಂದರೆ ಟ್ರಸ್ಟಿಗೆ ಒಂದು ಪಾಲು, ಬರದಿದ್ದರೆ ಇಲ್ಲ. ಅದಕ್ಕೆ ಬದಲಾಗಿ ಮೆಷಿನ್ನಿನ ಮೇಲೆ ಕೂರುವ ಎಲ್ಲರಿಗೂ ದಿನಗೂಲಿ.

"ದಿನಗೂಲಿ ಕೊಟ್ರೆ ಕೈ ಕಟ್ಕೊಂಡು ಕೂತ್ಬಿಡ್ತಾರೆ ಅತ್ತಿಗೆ, ನಿಮಗೆ ಲೇಬರ್ ವಿಷಯ ಗೊತ್ತಿಲ್ಲ" ಅಂದ ಮೈದುನ.

"ಕಟ್ಕೊಂಡು ಕೂರೋಕಾದ್ರೂ ಎರಡು ಕೈ ಇರಲಿ ಬಿಡು" ಅಂದೆ.

ಅವನ ಮುಖ ಕೆಂಪಾಯಿತು. ಅವನು ಕೆಟ್ಟವನಲ್ಲ. ಅವನಿಗೂ ಪಕ್ಕದ ಶೆಡ್ಡಿನವನ ಭಯ, ಆರ್ಡರ್ ಕೈತಪ್ಪುವ ಭಯ. ನಮ್ಮ ಹೆಚ್ಚಿನ ಬಡ್ಡಿಯನ್ನು ಹೊಂದಿಸಲು ಅವನು ಆ ಹೆಂಗಸರನ್ನು ಓಡಿಸಿದ ದಿನಗಳೂ ಇದ್ದಿರಬೇಕು. ಹಿರಿಯರಲ್ಲಿ ಒಬ್ಬರು, "ಒಂದು ವರ್ಷ ನೋಡೋಣಪ್ಪ. ಮುಳುಗಿದ್ರೆ ನಮ್ಮ ದುಡ್ಡೂ ನಿನ್ನ ಜೊತೇಲೇ ಮುಳುಗತ್ತೆ" ಅಂದರು. ಆ ಮಾತಿಗೆ ಮೈದುನ ಮೆತ್ತಗಾಗಿ ಒಪ್ಪಿದ. ಅಲ್ಲಿಯವರೆಗೆ ಅವನು ಮುಳುಗಿದರೂ ನಮ್ಮದು ತೇಲಬೇಕು ಎಂಬುದು ನಮ್ಮ ಒಪ್ಪಂದವಾಗಿತ್ತು.

ಮಂಗಳವಾರದ ಬಾಗಿಲನ್ನು ನಾವು ಮುಚ್ಚಿದೆವು. ಶುಕ್ರವಾರ ಮಾತ್ರ ಉಳಿಸಿಕೊಂಡೆವು, ಅದೂ ಔಷಧಿಗೆ ಬಂದವರಿಗೆ. ದಾನ ಪೂರ್ತಿ ನಿಲ್ಲಿಸಬಾರದು ಎಂದು ಯಜಮಾನರು ಹಟ ಹಿಡಿದರು, ಅದು ಸರಿಯಾಗಿತ್ತು. ಜ್ವರ ಬಂದ ಮಗುವಿನ ತಾಯಿಗೆ ಮೊದಲು ಲಾಭ ಬರಲಿ ಎಂದು ಹೇಳಲಾಗುವುದಿಲ್ಲ. ಅವಳಿಗೆ ಅವತ್ತೇ ಕೊಡಬೇಕು. ಆದರೆ ಫೀಸಿಗೆ ಬಂದವರು ಗೇಟಿನಿಂದಲೇ ವಾಪಸ್ ಹೋಗುವುದನ್ನು ನಾನು ಅಡುಗೆಮನೆ ಕಿಟಕಿಯಿಂದ ಬಹಳ ದಿನ ನೋಡಿದೆ. ಕೆಲವು ಸಲ ನೋಡದೆ ಇರಲು ಒಲೆಯ ಕಡೆ ತಿರುಗಿಕೊಂಡೆ.

ದಿನಗೂಲಿ ಶುರುವಾದ ಸೋಮವಾರ ನಾನು ಮತ್ತೆ ಪೀಣ್ಯಕ್ಕೆ ಹೋದೆ. ಹೋಗಬೇಕಾದ ಕೆಲಸವೇನೂ ಇರಲಿಲ್ಲ. ಬಟ್ಟೆ ಬಿಚ್ಚಿದ್ದಾರೋ ಇಲ್ಲವೋ ನೋಡಬೇಕಿತ್ತು. ಬಿಚ್ಚಿದ್ದರು. ಆಕೆ ತಗಡು ಇಟ್ಟು, ಎಡಗೈಯನ್ನು ಒಂದು ಹಿಡಿಯ ಮೇಲೆ, ಬಲಗೈಯ ಅಂಗೈಬುಡವನ್ನು ಇನ್ನೊಂದರ ಮೇಲೆ ಇಟ್ಟು ಒತ್ತುತ್ತಿದ್ದಳು. ಅಚ್ಚು ಬೀಳುವಾಗ ಎರಡೂ ಕೈ ಹೊರಗೆ. ನಾನು ನಿಂತುಬಿಟ್ಟೆ. ಎಷ್ಟು ನೋಡಿದರೂ ಸಾಲಲಿಲ್ಲ. ನೋಡಿದಷ್ಟೂ ನನ್ನೊಳಗಿನದು ಏನೋ ಇಳಿಯುತ್ತದೆ ಎಂಬಂತೆ ನಿಂತೆ.

ಸ್ವಲ್ಪ ಹೊತ್ತಾದ ಮೇಲೆ ಆಕೆ ಕಣ್ಣು ಎತ್ತದೆಯೇ ಅಂದಳು: "ನಿಂತ್ಕೋಬೇಡಿ ಅಕ್ಕ. ನೀವು ನಿಂತು ನೋಡ್ತಿದ್ರೆ ಕೈ ತಡವರಿಸ್ತದೆ."

ಹೊರಗೆ ಬಂದೆ. ರಸ್ತೆಯಾಚೆ ಹೊಂಗೆ ಮರದ ಕೆಳಗೆ ಒಂದು ಚಪ್ಪಡಿ ಬಿದ್ದಿತ್ತು, ಅದರ ಮೇಲೆ ಕೂತೆ. ಮೆಷಿನ್ನುಗಳ ಸದ್ದು ಅಲ್ಲಿಯವರೆಗೂ ಬರುತ್ತಿತ್ತು, ಮೊದಲಿನಂತೆ ಓಡುವ ಸದ್ದಲ್ಲ, ನಡೆಯುವ ಸದ್ದು. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ ತಡವಾದರೆ ಶೆಡ್ಡಿನ ಬಾಗಿಲ ಕಡೆ ನೋಡುತ್ತಿದ್ದೆ. ಯಾರೋ ಕೂಗುತ್ತಾರೇನೋ ಎಂದು ಕಿವಿಗೊಡುತ್ತಿದ್ದೆ, ಅಷ್ಟರಲ್ಲಿ ಮುಂದಿನ ಏಟು ಬೀಳುತ್ತಿತ್ತು. ನಾನು ಹೀಗೆ ಕೂತು ಕೇಳಿದ್ದು ಒಂದೇ ಬೆಳಿಗ್ಗೆ. ಆ ಸದ್ದಿನ ಮೇಲೆ ನಮ್ಮ ದಾನ ವರ್ಷಗಟ್ಟಲೆ ನಡೆದಿತ್ತು. ಯಶವಂತಪುರದ ಬಸ್ಸು ಬಂತು. ಏಳಲಿಲ್ಲ. ಇನ್ನೊಂದೂ ಬಂದು ಹೋಯಿತು.

ಊಟದ ಗಂಟೆ ಹೊಡೆದಾಗ ಸದ್ದು ನಿಂತಿತು. ಹೆಂಗಸರು ಡಬ್ಬಿ ಹಿಡಿದು ಒಬ್ಬೊಬ್ಬರಾಗಿ ನಲ್ಲಿಯ ಹತ್ತಿರ ಬಂದರು. ಆಕೆ ಕೊನೆಯಲ್ಲಿ ಬಂದಳು, ಪಕ್ಕದ ಮೆಷಿನ್ನಿನಾಕೆ ಏನೋ ಅಂದದ್ದಕ್ಕೆ ಏನೋ ಉತ್ತರ ಕೊಡುತ್ತಾ. ಸೋಪಿನ ಚೂರನ್ನು ಎಡಗೈಯಲ್ಲಿ ತೆಗೆದುಕೊಂಡು ಬಲಗೈಯ ಮೇಲೆ ಉಜ್ಜಿದಳು. ಆಮೇಲೆ ಬಲಗೈಯಲ್ಲಿ ಉಳಿದ ಬೆರಳುಗಳಿಂದ ಎಡಗೈಯನ್ನು, ಒಂದೊಂದು ಬೆರಳನ್ನೂ ಬಿಡಿಬಿಡಿಯಾಗಿ ತಿಕ್ಕಿ ತೊಳೆದಳು. ಎಣ್ಣೆ ಬೇಗ ಹೋಗುವುದಿಲ್ಲ. ಅವಳು ನನ್ನನ್ನು ನೋಡಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಗೋಡೆಯ ನೆರಳಿಗೆ ಹೋಗಿ ಕೂತು ಡಬ್ಬಿ ತೆಗೆದಳು.

ಮುಂದಿನ ಬಸ್ಸು ಬಂದಾಗ ಹತ್ತಿದೆ.